ಸಿಲಿಂಡರ್ ಆಯ್ತಾ?

“ಬಾಯಿ ತೆಗೆದ್ರೆ ಹಲ್ಲು ಉದುರಿಸ್ತೀನಿ. ಮೊದಲು ಬೀಗ ತೆಗಿ!”

“ಭಾವ, ಒಂದ್ನಿಮಿಷ ಕೇಳಿ ಇಲ್ಲಿ. ಒಳಗೆ ಏನೂ—”

“ತೆಗಿ ಅಂದ್ರೆ ತೆಗೀಬೇಕು! ತಿಂದು ತೇಗೋಕೆ ಹೋಗಿದ್ಯಾ? ಅಲ್ಲಿ ಒಬ್ಬ ಸಾಯ್ತಾ ಇದ್ದಾನೆ ಕಣೋ!”

“ನಾನ್ ತಿನ್ನೋಕೆ ಹೋಗಿರ್ಲಿಲ್ಲ. ಗೇಟ್ ಹತ್ರ ಲಾ—”

ಆ ಮಾತು ಮುಗಿಯಲು ನಾನು ಬಿಡಲಿಲ್ಲ. ಮುಷ್ಟಿ ಕಟ್ಟಿ ಬಾಯಿಗೇ ಗುದ್ದಿದೆ. ಅವನ ತಲೆ ಹಿಂದಿದ್ದ ಕಬ್ಬಿಣದ ಬಾಗಿಲಿಗೆ ಬಡಿದು ಢಣ್ ಎಂದಿತು. ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ಆಗಲಿಲ್ಲ. ಕಾಲರ್ ಹಿಡಿದು ಮುಂದಕ್ಕೆ ಎಳೆದು ಇನ್ನೊಂದು ಕೊಟ್ಟೆ. ನನ್ನ ಬೆರಳಿನ ಗೆಣ್ಣಿಗೆ ಅವನ ಹಲ್ಲು ತಗುಲಿ ಚರ್ಮ ಕಿತ್ತುಬಂತು. ಅವನು ಕೈ ಎತ್ತಲಿಲ್ಲ. ಎತ್ತಿದ್ದರೆ ನಾನು ಮಣ್ಣು ಮುಕ್ಕುತ್ತಿದ್ದೆ, ನನಗಿಂತ ಹದಿನೈದು ವರ್ಷ ಚಿಕ್ಕವನು, ಎತ್ತಿನಂಥ ಭುಜದವನು. ಬಾಯಿಗೆ ಅಂಗೈ ಒತ್ತಿಕೊಂಡು, ಇನ್ನೊಂದು ಕೈಯಿಂದ ಜೇಬಿಗೆ ತಡಕಾಡಿ ಬೀಗದ ಕೈ ತೆಗೆದು ನನ್ನ ಕಾಲ ಬಳಿ ಎಸೆದ.

ನಾನು ಆ ಆಸ್ಪತ್ರೆಯ ಆಪರೇಷನ್ ಥಿಯೇಟರಿನ ಟೆಕ್ನಿಷಿಯನ್. ಹದಿನೆಂಟು ವರ್ಷದಿಂದ ಅಲ್ಲಿನ ಯಂತ್ರಗಳನ್ನು ಬೈದು, ಒದ್ದು, ತಲೆ ಸವರಿ ನಡೆಸುತ್ತಿದ್ದೆ. ಏಟು ತಿಂದವನು ನನ್ನ ಹೆಂಡತಿಯ ತಮ್ಮ, ಅದೇ ಆಸ್ಪತ್ರೆಯ ಸ್ಟೋರ್‌ಕೀಪರ್. ಅವನನ್ನು ಎಲ್ಲರೂ ಗಾಳಿಪಟ ಎನ್ನುತ್ತಿದ್ದರು. ಮೊದಲು ಎಲ್ಲಿ ಕೆಲಸಕ್ಕಿದ್ದರೂ ಕೂತ ಜಾಗದಲ್ಲಿ ಕೂರುತ್ತಿರಲಿಲ್ಲ. ಹಾಗಾಗಿಯೇ ಮೂರು ಕಡೆ ಬಿಡಿಸಿಕೊಂಡಿದ್ದ. ಕೊನೆಗೆ ನಾನೇ ಸೂಪರಿಂಟೆಂಡೆಂಟ್ ಸಾಹೇಬರ ಬೆನ್ನುಬಿದ್ದು ಒಳಗೆ ಸೇರಿಸಿದೆ. “ಇವನು ಒಂದು ಸಲ ಜಾಗ ಬಿಟ್ಟು ತಿರುಗೋಕೆ ಹೋದ ಅಂತ ಗೊತ್ತಾದ್ರೆ ಅವತ್ತೇ ಕಳಿಸಿಬಿಡಿ ಸಾರ್, ನಾನು ಕೇಳೋದಿಲ್ಲ” ಎಂದು ಅವನ ಎದುರಿಗೇ ಮಾತು ಕೊಟ್ಟಿದ್ದೆ. ಎರಡು ವರ್ಷ ಅವನು ಆ ಸ್ಟೋರಿನ ಕುರ್ಚಿಗೆ ಅಂಟಿಕೊಂಡು ಕೂತ. ಹೆಸರು ಹೋಗಲಿಲ್ಲ, ಆದರೆ ಆ ಹೆಸರು ಸುಳ್ಳು ಎಂದು ತೋರಿಸುವುದೇ ಅವನಿಗೆ ಬದುಕಾಗಿತ್ತು.

ಆ ದಿನ ನಡೆದದ್ದು ಇಷ್ಟು. ಗೋಡೆಯೊಳಗಿನ ಪೈಪಿನಲ್ಲಿ ಬರುತ್ತಿದ್ದ ಆಕ್ಸಿಜನ್ ರಿಪೇರಿ ಎಂದು ಎರಡು ತಿಂಗಳಿಂದ ನಿಂತಿತ್ತು. ಆಳೆತ್ತರದ ಸಿಲಿಂಡರುಗಳನ್ನು ಸ್ಟೋರಿನಿಂದ ಇಳಿಜಾರು ದಾರಿಯಲ್ಲಿ ಮೇಲಕ್ಕೆ ತಂದು ಯಂತ್ರಕ್ಕೆ ಜೋಡಿಸುತ್ತಿದ್ದೆವು. ನಮ್ಮ ಎರಡನೇ ಥಿಯೇಟರಿನ ಗೇಜಿನ ಮುಳ್ಳು ಅರ್ಧಕ್ಕೆ ಅಂಟಿಕೊಂಡುಬಿಟ್ಟಿತ್ತು. ಗ್ಯಾಸ್ ತುಂಬಿದ್ದರೂ ಅರ್ಧ, ಬರಿದಾದರೂ ಅರ್ಧ. ಬದಲಿಸಿ ಎಂದು ಮೂರು ಸಲ ಬರೆದುಕೊಟ್ಟಿದ್ದೆ. ಸಿಲಿಂಡರನ್ನು ತುಸು ಓರೆ ಮಾಡಿ ಭಾರ ನೋಡಿ ತಿಳಿಯುವುದು ನನ್ನ ಲೆಕ್ಕವಾಗಿತ್ತು. ಸಿಲಿಂಡರಿನ ಬಾಯಿ ತಿರುಗಿಸುವ ಸ್ಪ್ಯಾನರ್ ಎರಡು ಥಿಯೇಟರಿಗೂ ಸೇರಿ ಒಂದೇ. ಇಂಥ ಸಂಸಾರ ನಮ್ಮದು.

ಮಧ್ಯಾಹ್ನ ಹನ್ನೆರಡೂವರೆಗೆ ಒಬ್ಬ ಬಸ್ ಡ್ರೈವರನನ್ನು ತಂದರು. ಬಸ್ಸು ಮರಕ್ಕೆ ಗುದ್ದಿ ಸ್ಟೇರಿಂಗ್ ಅವನ ಹೊಟ್ಟೆಗೆ ನಾಟಿತ್ತು. ಒಳಗೇ ರಕ್ತ ಸುರಿಯುತ್ತಿತ್ತು, ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಅರಿವಳಿಕೆ ಕೊಡುವ ಮೇಡಂ ಅವನ ತಲೆಯ ಬಳಿ ಬಗ್ಗಿ ಸಿರಿಂಜಿಗೆ ಮದ್ದು ಎಳೆಯುತ್ತಿದ್ದರು. ನಾನು ಸಿಲಿಂಡರ್ ಓರೆ ಮಾಡಿ ನೋಡಿದೆ. ಖಾಲಿ ಡಬ್ಬದಂತೆ ಹಗುರವಾಗಿ ಬಂತು. ಪಕ್ಕದಲ್ಲಿ ಇರಬೇಕಾಗಿದ್ದ ಇನ್ನೊಂದನ್ನು ಬೆಳಿಗ್ಗೆಯೇ ಒಂದನೇ ಥಿಯೇಟರಿನವರು ಹೊತ್ತುಕೊಂಡು ಹೋಗಿದ್ದರು.

“ಸಿಲಿಂಡರ್ ಆಯ್ತಾ?” ಎಂದರು ಮೇಡಂ, ತಲೆ ಎತ್ತದೆ.

“ಆಯ್ತು ಮೇಡಂ” ಎಂದು ಹೇಳಿ ಹೊಸದು ತರಲು ಓಡಿದೆ.

ಸ್ಟೋರಿಗೆ ಬೀಗ. ಅವನ ಮೊಬೈಲಿಗೆ ಫೋನ್ ಮಾಡಿದರೆ ಅದು ಬಾಗಿಲ ಒಳಗಿನಿಂದಲೇ ಹಾಡತೊಡಗಿತು. ಬಾಗಿಲು ಒದ್ದೆ. ಕೂಗಿದೆ. ಅಷ್ಟರಲ್ಲಿ ಥಿಯೇಟರಿನ ದೊಡ್ಡ ಸಿಸ್ಟರ್ ಫೋನು. ಆಕೆಯನ್ನು ನಾವೆಲ್ಲ ಸಿಸ್ಟರಕ್ಕ ಎನ್ನುತ್ತಿದ್ದೆವು. “ಎಲ್ಲಿ ಹಾಳಾಗಿ ಹೋದ್ಯೋ? ಗ್ಯಾಸ್ ನಿಂತೋಯ್ತು! ಮದ್ದು ಕೊಟ್ಟಾಗಿದೆ, ಹೊಟ್ಟೆ ಕೊಯ್ದಾಗಿದೆ, ಉಸಿರಿಲ್ಲ ಅವನಿಗೆ!” ನನಗೆ ತಲೆ ಗಿರ್ರೆಂದಿತು. ಖಾಲಿ ಎಂದು ಹೇಳಿ ಬಂದ ಮೇಲೂ ಮದ್ದು ಯಾಕೆ ಕೊಟ್ಟರು ಎಂದು ಯೋಚಿಸಲು ಪುರುಸೊತ್ತಿರಲಿಲ್ಲ. ಆಗಲೇ ಗಾಳಿಪಟ ಬೆವರು ಸುರಿಸುತ್ತ ಮೂಲೆಯಿಂದ ಓಡಿಬಂದದ್ದು. ಜಾಗ ಬಿಟ್ಟು ಎಲ್ಲೋ ಹೋಗಿದ್ದಾನೆ! ನನಗೆ ಕಂಡದ್ದು ಅಷ್ಟೇ.

ಅವನು ಎಸೆದ ಬೀಗದ ಕೈ ಎತ್ತಿಕೊಂಡು, ಬೀಗ ತೆಗೆದು ಬಾಗಿಲು ದೂಡಿದೆ. ಗೋಡೆಗೆ ಒರಗಿಸಿದ ಸಿಲಿಂಡರುಗಳು ಸಾಲಾಗಿ ನಿಂತಿದ್ದವು. ಮೊದಲನೆಯದನ್ನು ಅಲ್ಲಾಡಿಸಿದೆ, ಹಗುರ. ಎರಡನೆಯದು, ಮೂರನೆಯದು. ಹನ್ನೊಂದೂ ಬರಿದು. ಒಂದನ್ನು ಕೋಪಕ್ಕೆ ದೂಡಿದೆ. ಅದು ಉರುಳಿ ಇನ್ನೊಂದಕ್ಕೆ ತಾಗಿ, ಎಲ್ಲ ಒಂದರ ಮೇಲೊಂದು ಬಿದ್ದವು. ಆ ಸದ್ದಿಗೆ ಇಡೀ ಕಟ್ಟಡ ನಡುಗಿರಬೇಕು.

ಹಿಂದೆ ತಿರುಗಿದರೆ ಅವನು ಬಾಗಿಲಲ್ಲಿ ನಿಂತು ಬೆರಳು ತೋರಿಸುತ್ತಿದ್ದ. ಬೆರಳ ತುದಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

“ಅಲ್ಲಿ... ಮೂಲೇಲಿ. ತುಂಬಿದ್ದು. ತಂದಿದ್ದೀನಿ.”

ಮೂಲೆ ತಿರುಗಿದರೆ ನಿಜ, ಇಳಿಜಾರಿನ ಬುಡದಲ್ಲಿ ಒಂದು ಸಿಲಿಂಡರ್ ನಿಂತಿತ್ತು. ಓರೆ ಮಾಡಿದೆ, ಭಾರ. ಹಾಳು ಟ್ರಾಲಿಯ ಚಕ್ರ ಮುರಿದು ತಿಂಗಳಾಗಿತ್ತು. ಸಿಲಿಂಡರನ್ನು ವಾಲಿಸಿ, ಬುಡದ ಅಂಚಿನ ಮೇಲೆ ಉರುಳಿಸುತ್ತ ನಡೆಸಬೇಕು. ನಾನು ಕತ್ತು ಹಿಡಿದೆ. ಅವನು ಕೆಳಗಿನಿಂದ ಹೆಗಲು ಕೊಟ್ಟ. ಇಳಿಜಾರು ಹತ್ತತೊಡಗಿದೆವು.

“ಎಲ್ಲಿಂದ ತಂದ್ಯೋ?”

“ಲಾರಿ.” ಪಿಚಕ್ಕೆಂದು ಪಕ್ಕಕ್ಕೆ ಉಗುಳಿದ. ಹಲ್ಲೊಂದು ಸಿಮೆಂಟಿನ ಮೇಲೆ ಬಿದ್ದು ಕೆಳಗೆ ಜಾರಿತು. “ಗ್ಯಾಸ್ ಲಾರಿ ಬಂದಿತ್ತು. ಸಾಹೇಬ್ರ ಕಾರು ಗೇಟಿಗೆ ಅಡ್ಡ ನಿಲ್ಸಿದ್ದಾರೆ. ಲಾರಿ ಒಳಗೆ ಬರೋಕಾಗ್ಲಿಲ್ಲ. ಅವನು ವಾಪಸ್ ಹೋಗ್ತೀನಿ ಅಂದ. ಹತ್ತಿ ಇದೊಂದನ್ನ ಇಳಿಸ್ಕೊಂಡೆ. ಗೇಟಿಂದ ಉರುಳಿಸ್ಕೊಂಡು ಬಂದೆ.”

“ಒಬ್ನೇ?”

“ಇನ್ಯಾರಿದ್ರು? ನಿಮ್ ಕೂಗು ಕೇಳ್ತು, ಇಲ್ಲೇ ಬಿಟ್ಟು ಓಡಿದೆ.”

ನನ್ನ ಹಿಡಿತ ಸಡಿಲಿತು. ಸಿಲಿಂಡರ್ ಹಿಂದಕ್ಕೆ ಜಾರಿತು. ಅವನು ತೊಡೆ ಕೊಟ್ಟು ತಡೆದ.

“ನೂಕಿ ಭಾವ. ಹೊಡೆಯೋದೇನಿದ್ರೂ ಆಮೇಲೆ ಇಟ್ಕೊಳ್ಳಿ.”

ಥಿಯೇಟರಿನ ಬಾಗಿಲನ್ನು ಸಿಲಿಂಡರಿನಿಂದಲೇ ಗುದ್ದಿ ತೆರೆದೆವು. ಒಳಗೆ ಕಂಡದ್ದು ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ. ಉಸಿರು ನಿಂತವರಿಗೆ ಕೈಯಿಂದ ಹಿಸುಕಿ ಗಾಳಿ ಕೊಡುವ ರಬ್ಬರ್ ಚೀಲ ಒಂದು ಇರುತ್ತದೆ. ಅದು ನಾಲ್ಕು ಸಲ ಹಿಸುಕುವಷ್ಟರಲ್ಲಿ ಮಡಿಕೆಯಲ್ಲೇ ಬಿರಿದು ನೆಲಕ್ಕೆ ಬಿದ್ದಿತ್ತು. ಮೇಡಂ ಮುಖದ ಮಾಸ್ಕ್ ಕಿತ್ತೆಸೆದು, ಡ್ರೈವರನ ಗಂಟಲಿಗೆ ಇಳಿಸಿದ್ದ ಕೊಳವೆಗೆ ತಮ್ಮ ಬಾಯಿ ಇಟ್ಟು ಊದುತ್ತಿದ್ದರು. ಊದುವುದು, ತಲೆ ಎತ್ತಿ ಉಸಿರೆಳೆಯುವುದು, ಮತ್ತೆ ಊದುವುದು. ಹಣೆಯ ನರ ಉಬ್ಬಿತ್ತು. ತುಟಿ ಅವನದ್ದೂ ನೀಲಿ, ಅವರದ್ದೂ ನೀಲಿ. ಮೇಡಂ ಬೀಳದಂತೆ ಸಿಸ್ಟರಕ್ಕ ಅವರ ಸೊಂಟವನ್ನು ತಬ್ಬಿ ಹಿಡಿದು ನಿಂತಿದ್ದರು.

ಸರ್ಜನ್ನರ ಎರಡೂ ಕೈ ಮೊಣಕೈವರೆಗೆ ಹೊಟ್ಟೆಯೊಳಗಿದ್ದವು. ರಕ್ತ ಹೀರುವ ಯಂತ್ರ ಗೊರಗೊರ ಅಂದು ಹೀರುವುದರ ಬದಲು ಕಕ್ಕುತ್ತಿತ್ತು. ರಕ್ತ ಟೇಬಲ್ಲಿನ ಅಂಚಿನಿಂದ ಅವರ ಚಪ್ಪಲಿಗೆ ಸುರಿಯುತ್ತಿತ್ತು.

“ಬಂದ್ಯಾ ಮಹಾರಾಯ! ಹೆಣ ಎತ್ತೋಕೆ ಬಂದ್ಯಾ?” ಎಂದು ಅರಚಿದವರೇ ಒಂದು ಕೈ ಹೊರಗೆಳೆದು, ಸಿಕ್ಕಿದ ಇಕ್ಕಳವನ್ನು ನನ್ನತ್ತ ಬೀಸಿದರು. ಅದು ಹುಬ್ಬಿಗೆ ಬಡಿಯಿತು. ಎಡಗಣ್ಣು ಪೂರ್ತಿ ಕೆಂಪಾಗಿ ಮುಚ್ಚಿಹೋಯಿತು.

“ಸ್ಪ್ಯಾನರ್!” ಎಂದು ಕೂಗಿದೆ. “ಸ್ಪ್ಯಾನರ್ ಎಲ್ಲಿ?”

“ಒಂದನೇ ಥಿಯೇಟರಲ್ಲಿ!” ಸಿಸ್ಟರಕ್ಕ ಮೇಡಂ ಸೊಂಟವನ್ನು ಗಾಳಿಪಟನ ಕೈಗೆ ಒಪ್ಪಿಸಿ ಓಡಿದರು. ಆಚೆಯಿಂದ ಹೆಂಗಸರ ಕಿರುಚಾಟ ಕೇಳಿಸಿತು. ಏನೋ ಟ್ರೇ ಬಿದ್ದ ಸದ್ದು. ಕ್ಷಣದಲ್ಲಿ ವಾಪಸ್ ಬಂದರು, ತಲೆಯ ಟೋಪಿ ಇರಲಿಲ್ಲ, ಕೂದಲು ಕೆದರಿತ್ತು.

“ಕೊಡೋದಿಲ್ಲ ಅಂದ್ಲು. ಕೈ ಕಚ್ಚಿ ತಂದಿದ್ದೀನಿ. ಹಿಡಿ!”

ಒಂದೇ ಕಣ್ಣಿನಲ್ಲಿ ನೋಡುತ್ತ ಹಳೆಯದನ್ನು ಬಿಚ್ಚಿದೆ, ಹೊಸದನ್ನು ಕೂರಿಸಿದೆ, ಬಾಯಿ ತಿರುಗಿಸಿದೆ. ಬುಸ್ ಎಂದಿತು. ಆ ಬುಸ್ ಕೇಳಿದ್ದೇ ಮೇಡಂ ಕೊಳವೆಯಿಂದ ಬಾಯಿ ತೆಗೆದು, ಅದನ್ನು ಯಂತ್ರಕ್ಕೆ ಸಿಕ್ಕಿಸಿ, ಅಲ್ಲೇ ನೆಲದ ಮೇಲಿನ ರಕ್ತದಲ್ಲೇ ಕುಸಿದು ಕೂತರು. ಕೂತಲ್ಲಿಂದಲೇ ಒಂದು ಕೈ ಮೇಲೆತ್ತಿ ಯಂತ್ರದ ಗಾಳಿಚೀಲ ಒತ್ತುತ್ತಿದ್ದರು. ಸ್ವಲ್ಪ ಹೊತ್ತಿಗೆ ಡ್ರೈವರನ ಕಿವಿಯ ಹಾಲೆ ಗುಲಾಬಿ ಬಣ್ಣಕ್ಕೆ ತಿರುಗಿತು.

ಮೂರು ಗಂಟೆಗೆ ಹೊಟ್ಟೆ ಹೊಲಿದರು. ಅವನು ಬದುಕಿಕೊಂಡ.

ಹೊರಗೆ ಕಾರಿಡಾರಿನಲ್ಲಿ ಸರ್ಜನ್ ನೇರ ನನ್ನ ಹತ್ತಿರ ಬಂದು ಕಪಾಳಕ್ಕೆ ಬಾರಿಸಿದರು. ಎರಡನೆಯದಕ್ಕೆ ಎತ್ತಿದ ಕೈಯನ್ನು ಹಿಡಿದು ನಾನು ತಿರುಚಿದೆ. ಅವರು ಗೋಡೆಗೆ ಮುಖವಿಟ್ಟು ಮಂಡಿಯೂರಿದರು. ಇನ್ನೂ ಒಂದಿಷ್ಟು ತಿರುಚಿದ್ದರೆ ಮುರಿಯುತ್ತಿತ್ತು. ಮುರಿಯಬೇಕೆಂದೇ ಇತ್ತು ನನಗೆ.

“ಬಿಡೋ! ಬಿಡೋ ಕೈನ!” ಸಿಸ್ಟರಕ್ಕ ನನ್ನ ಬೆನ್ನಿಗೆ ಗುದ್ದಿದರು. “ಆ ಕೈಗೆ ಆರು ಗಂಟೆಗೆ ಇನ್ನೊಂದು ಹೊಟ್ಟೆ ಇದೆ!”

ಬಿಟ್ಟೆ. ಆಮೇಲೆ ಆಕೆಯೇ ನನ್ನ ಹುಬ್ಬಿಗೆ ಎರಡು, ಗಾಳಿಪಟನ ತುಟಿಗೆ ಮೂರು ಹೊಲಿಗೆ ಹಾಕಿದರು. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದೆವು. “ತಪ್ಪಾಯ್ತು ಕಣೋ” ಎಂದು ಹೇಳಲು ಮೂರು ಸಲ ಬಾಯಿ ತೆರೆದೆ. ಬೇರೆಯವರ ಮುಂದೆ ನನಗೆ ಅಂಥ ಮಾತು ಹೊರಡುವುದಿಲ್ಲ. ಮನೆಗೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ಅವನೇ ಮೊಣಕೈಯಿಂದ ತಿವಿದು, “ಅಕ್ಕಂಗೆ ಬಿದ್ದೆ ಅಂತ ಹೇಳ್ತೀನಿ, ನೀವು ಬಾಯಿ ಬಿಡ್ಬೇಡಿ” ಎಂದ. ಊದಿದ ಬಾಯಿಂದ ಆ ಮಾತು ಪಸ್ ಪಸ್ ಎಂದು ಬಂತು. ನಾನು ನಕ್ಕೆ. ಅವನೂ ನಗಲು ಹೋಗಿ ಹೊಲಿಗೆ ಎಳೆದು ನರಳಿದ.

ಐದು ಗಂಟೆಗೆ ಎಲ್ಲರನ್ನೂ ಸೂಪರಿಂಟೆಂಡೆಂಟ್ ಸಾಹೇಬರು ಕರೆಸಿದರು. ಮೇಜಿನ ಮೇಲೆ ಟೈಪ್ ಮಾಡಿದ ಹಾಳೆ ಆಗಲೇ ಸಿದ್ಧವಾಗಿತ್ತು. ಸರ್ಜನ್ ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿಕೊಂಡು ಕಿಟಕಿಯತ್ತ ಮುಖ ಮಾಡಿದ್ದರು.

“ದೇವರು ದೊಡ್ಡವನು, ರೋಗಿ ಬದುಕಿದ್ದಾನೆ” ಎಂದರು ಸಾಹೇಬರು. “ಆದ್ರೆ ಹೊರಗೆ ಅವನ ಕಡೆಯವರು ನಿಂತಿದ್ದಾರೆ. ಯಾರ ತಪ್ಪು ಅಂತ ಒಂದು ಮಾತು ಹೇಳ್ಬೇಕಲ್ಲ. ಸ್ಟೋರ್‌ಕೀಪರ್ ಜಾಗದಲ್ಲಿರ್ಲಿಲ್ಲ. ಅಷ್ಟೇ ವಿಷಯ.”

“ಅಷ್ಟೇ ಅಲ್ಲ” ಎಂದರು ಮೇಡಂ. ಅವರ ತುಟಿ ಕೊಳವೆಗೆ ಒತ್ತಿ ಸುತ್ತಲೂ ಕಂದಿತ್ತು. “ನಾನು ಮದ್ದು ಕೊಡೋಕೆ ಮೊದಲು ಇವನನ್ನ ಕೇಳಿದೆ. ಸಿಲಿಂಡರ್ ಆಯ್ತಾ ಅಂದೆ. ಆಯ್ತು ಅಂದ. ಹೊಸದು ಹಾಕಿದಾನೆ ಅಂತ ಕೊಟ್ಟೆ.”

“ನಾನು...” ಎಂದು ಮೇಡಂ ಕಡೆ ತಿರುಗಿದೆ. “ನಾನು ಹೇಳಿದ್ದು ಆಯ್ತು ಅಂತ. ಖಾಲಿ ಆಯ್ತು ಅಂತ.”

“ಖಾಲಿ ಅನ್ನೋ ಮಾತು ನಿನ್ನ ಬಾಯಿಂದ ಬಂತಾ?”

ಬಂದಿರಲಿಲ್ಲ. ಆ ಒಂದು ಶಬ್ದವನ್ನು ನಾವು ದಿನಕ್ಕೆ ನೂರು ಸಲ ಆಡುತ್ತಿದ್ದೆವು. ಹೊಲಿಗೆ ಆಯ್ತು, ಹತ್ತಿ ಆಯ್ತು, ಊಟ ಆಯ್ತು, ಗ್ಲೌಸ್ ಆಯ್ತು. ಮಾಡಿದ್ದೂ ಆಯ್ತು, ಮುಗಿದದ್ದೂ ಆಯ್ತು. ಹದಿನೆಂಟು ವರ್ಷ ಯಾವ ಆಯ್ತು ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ. ಅವರು ಕೇಳಿದ್ದಕ್ಕೇ ನಾನು ಉತ್ತರ ಕೊಟ್ಟಿದ್ದೆ, ನಾನು ಹೇಳಿದ್ದನ್ನೇ ಅವರು ಕೇಳಿಸಿಕೊಂಡಿದ್ದರು. ನಡುವೆ ಒಬ್ಬ ಮನುಷ್ಯನ ಉಸಿರು ನಿಂತಿತ್ತು. ಸ್ಟೋರಿನ ಬಾಗಿಲಿಗೆ ಬೀಗ ಇಲ್ಲದಿದ್ದರೂ ನಿಲ್ಲುತ್ತಿತ್ತು.

“ಈ ಆಯ್ತು ಗೀಯ್ತು ಎಲ್ಲ ಹಾಳೇಲಿ ಬರೆಯೋಕಾಗುತ್ತಾ ಮೇಡಂ?” ಸಾಹೇಬರು ನಕ್ಕರು. “ಹಾಗೆ ಬರೆದ್ರೆ ಇವನ ಕೆಲಸ ಹೋಗುತ್ತೆ, ಕೇಸು ಬೀಳುತ್ತೆ. ನಿಮ್ಮ ಹೆಸರೂ ಬರುತ್ತೆ. ಜಾಗದಲ್ಲಿ ಇರ್ಲಿಲ್ಲ ಅಂದ್ರೆ ಎಲ್ರಿಗೂ ಅರ್ಥ ಆಗುತ್ತೆ. ಗಾಳಿಪಟ ಅಂತ ಊರಿಗೇ ಗೊತ್ತು.”

“ನಾನ್ ಗೇಟ್ ಹತ್ರ ಇದ್ದೆ ಸಾರ್” ಎಂದ ಅವನು, ಬಾಯಿಗೆ ಹಿಡಿದಿದ್ದ ಬಟ್ಟೆ ತೆಗೆದು. “ಲಾರಿ ಒಳಗೆ ಬರೋಕಾಗ್ದೆ ನಿಂತಿತ್ತು. ನಿಮ್ಮ ಕಾರು ಅಡ್ಡ ಇತ್ತು.”

ಸಾಹೇಬರ ನಗು ಆರಿತು. “ಯಾವ ಲಾರಿ? ಯಾರು ನೋಡಿದ್ರು?”

“ಭಾವಂಗೆ ಗೊತ್ತು.” ಅವನು ನನ್ನ ಕಡೆ ತಿರುಗಿದ. ಯಾವ ಅನುಮಾನವೂ ಇಲ್ಲದ ಮುಖ. ಎಡಗೆನ್ನೆ ಊದಿ ಕಣ್ಣು ಸಣ್ಣದಾಗಿತ್ತು. “ಹೇಳಿ ಭಾವ. ನಾನ್ ಎಲ್ಲಿದ್ದೆ ಅಂತ ಹೇಳಿ.”

ಸಾಹೇಬರು ನನ್ನನ್ನೇ ನೋಡುತ್ತಿದ್ದರು. ಆ ನೋಟಕ್ಕೆ ವಿವರಣೆ ಬೇಕಿರಲಿಲ್ಲ. ಲಾರಿ ಎಂದರೆ ಕಾರು, ಕಾರು ಎಂದರೆ ಹಾಳೆ ಹರಿಯಬೇಕು, ಹಾಳೆ ಹರಿದರೆ ಮೇಡಂ ಹೇಳಿದ್ದನ್ನೇ ಬರೆಯಬೇಕು. ಹೆಂಡತಿ ಕಣ್ಣ ಮುಂದೆ ಬಂದಳು. ಪೊಲೀಸ್ ಠಾಣೆಯ ಬೆಂಚೂ ಬಂತು. ಗೇಟಿನ ತನಕ ನಾನು ಹೋಗಿರಲಿಲ್ಲ ಎಂಬುದೂ ಆಗಲೇ ನೆನಪಾಗಬೇಕೆ?

“ಲಾರಿ... ನಾನು ಕಣ್ಣಾರೆ ನೋಡಿಲ್ಲ ಸಾರ್” ಎಂದೆ.

ಸಿಸ್ಟರಕ್ಕ “ಥೂ” ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಅವನು ಮಾತ್ರ ನನ್ನತ್ತ ಒಂದು ಹೆಜ್ಜೆ ಇಟ್ಟ. ಮುಷ್ಟಿ ಕಟ್ಟಿದ. ಹೊಡೆಯಲಿ ಎಂದು ನಾನು ಮುಖ ಒಡ್ಡಿ ಕಾದೆ. ನಿಜವಾಗಿ ಕಾದೆ. ಅವನು ಮುಷ್ಟಿ ಬಿಚ್ಚಿ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ಸರಿ ಟೆಕ್ನಿಷಿಯನ್ನರೇ” ಎಂದ. “ಬರ್ಕೊಳ್ಳಿ.”

ಬಾಗಿಲು ತೆರೆದು ಹೊರಟುಹೋದ. ಬಡಿದೂ ಹಾಕಲಿಲ್ಲ.

“ಒಳ್ಳೇದಾಯ್ತು, ಸಹಿ ಹಾಕು” ಎಂದು ಸಾಹೇಬರು ಪೆನ್ನು ಚಾಚಿದರು. ನಾನು ಪೆನ್ನು ಹಿಡಿದೆ. ಹಿಡಿದ ಗೆಣ್ಣಿನಲ್ಲಿ ಅವನ ಹಲ್ಲಿನ ಗಾಯ ಬಿರಿದು ಹಾಳೆಯ ಮೇಲೆ ರಕ್ತ ತೊಟ್ಟಿಕ್ಕಿತು. ಆಗ ಅದೇನಾಯಿತೋ, ಮೇಜನ್ನು ಎರಡೂ ಕೈಯಿಂದ ಎತ್ತಿ ಸಾಹೇಬರ ಮಡಿಲಿಗೆ ಉರುಳಿಸಿದೆ. ಗಾಜು ಒಡೆಯಿತು, ಫೋನು ಬಿತ್ತು, ಅವರು ಕುರ್ಚಿ ಸಮೇತ ಹಿಂದಕ್ಕೆ ಮಗುಚಿದರು. “ಲಾರಿ ಇತ್ತು! ನಿನ್ನ ಕಾರು ಅಡ್ಡ ಇತ್ತು! ಆಯ್ತು ಅಂದವನು ನಾನು, ಹೊಡೆದವನು ನಾನು! ಬರ್ಕೋ!” ಎಂದು ಅರಚಿದೆ. ಮೇಡಂ ಬೇರೆ ಹಾಳೆ ತೆಗೆದುಕೊಂಡು ಶಾಂತವಾಗಿ ಬರೆಯತೊಡಗಿದರು.

ಎಲ್ಲ ಸರಿ. ಆದರೆ ಕೇಳಬೇಕಾದವನು ಕೋಣೆಯಲ್ಲಿರಲಿಲ್ಲ.

ಓಡಿದೆ. ಸ್ಟೋರಿನಲ್ಲಿ ಇರಲಿಲ್ಲ. ಗೇಟಿನ ಕಾವಲುಗಾರ ಸ್ಟೂಲಿನ ಮೇಲೆ ಕೂತಿದ್ದ. “ಈಗ ಹೋದ. ಎಲ್ಲಿಗಪ್ಪಾ ಅಂದೆ, ಮಾತಾಡ್ಲಿಲ್ಲ” ಎಂದ. ರಸ್ತೆಯ ಎರಡೂ ತುದಿಗೆ ಓಡಿ ನೋಡಿದೆ. ಬಸ್ ನಿಲ್ದಾಣ ನೋಡಿದೆ. ಸಿಕ್ಕವರನ್ನೆಲ್ಲ ಬಾಯಿಗೆ ಹೊಲಿಗೆ ಹಾಕಿಸಿಕೊಂಡವನೊಬ್ಬನನ್ನು ಕಂಡಿರಾ ಎಂದು ಕೇಳಿದೆ.

ನನ್ನ ಕೆಲಸ ಹೋಯಿತು, ಹೋಗಲೇಬೇಕಿತ್ತು. ಡ್ರೈವರ್ ಎಂಟನೇ ದಿನ ನಡೆದುಕೊಂಡೇ ಮನೆಗೆ ಹೋದನಂತೆ. ಸ್ಟೋರ್‌ಕೀಪರನ ತಪ್ಪಿಲ್ಲ ಎಂದು ಆಸ್ಪತ್ರೆಯಿಂದ ಕಾಗದ ಬಂತು, ಅವನ ಹೆಸರಿಗೆ, ನಮ್ಮ ಮನೆ ವಿಳಾಸಕ್ಕೆ. ಅದನ್ನು ಒಡೆದು ಓದಿದವಳು ಅವನ ಅಕ್ಕ. ಓದಿ, ಮಡಿಚಿ, “ಎಷ್ಟು ಹೊಡೆದ್ರಿ?” ಎಂದು ಒಂದೇ ಮಾತು ಕೇಳಿದಳು. ಹೇಳಿದೆ. ಹೊಡೆದದ್ದನ್ನು ಹೇಳಿದೆ, ಕೋಣೆಯಲ್ಲಿ ಆಡಿದ ಮಾತನ್ನೂ ಹೇಳಿದೆ. ಮೊದಲನೆಯದನ್ನು ಅವಳು ಮರೆತಾಳು.

ಅವನು ಮತ್ತೆ ಬರಲಿಲ್ಲ.